ಕುಡಿಯುವ ನೀರಿನಲ್ಲಿ ಕಬ್ಬಿಣಾಂಶ: ಟ್ಯಾಂಕಿಗೋ, ಬಿಂದಿಗೆಗೋ?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019ರಿಂದ 2021ರವರೆಗೆ ನಡೆಯಿತು. ಆ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ವಯಸ್ಸಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೂ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೂ ರಕ್ತಹೀನತೆ ಇದೆ. ಅದರ ಹಿಂದಿನ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಈ ಪ್ರಮಾಣಗಳು ಕ್ರಮವಾಗಿ ಶೇ. 60.9 ಮತ್ತು ಶೇ. 44.8 ಆಗಿದ್ದವು. ನಡುವಿನ ಅವಧಿಯಲ್ಲಿ ರಸ್ತೆ, ಶೌಚಾಲಯ, ನಲ್ಲಿ ಸಂಪರ್ಕ ಎಲ್ಲವೂ ಹೆಚ್ಚಿವೆ, ರಕ್ತಹೀನತೆಯೂ ಹೆಚ್ಚಿದೆ.

ಈ ಅಂಕಿಗಳನ್ನು ಒಂದು ವಾರ್ಡಿಗೆ ಇಳಿಸಿ ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ. ಅಂಗನವಾಡಿಯಲ್ಲಿ 30 ಮಕ್ಕಳು ಕುಳಿತಿದ್ದರೆ ಅವರಲ್ಲಿ ಸುಮಾರು 20 ಮಕ್ಕಳ ರಕ್ತದಲ್ಲಿ ಹಿಮೋಗ್ಲೋಬಿನ್ ಇರಬೇಕಾದಷ್ಟು ಇಲ್ಲ. ಅಂತಹ ಮಗು ಬೇಗ ದಣಿಯುತ್ತದೆ, ಪಾಠದ ಕಡೆ ಗಮನ ನಿಲ್ಲುವುದಿಲ್ಲ. ಗರ್ಭಿಣಿಯ ವಿಷಯದಲ್ಲಿ ಪರಿಣಾಮ ಇನ್ನೂ ಕಠಿಣವಾದುದು. ಹೆರಿಗೆಯ ಸಮಯದಲ್ಲಿ ರಕ್ತಸ್ರಾವವಾದರೆ, ಮೊದಲೇ ರಕ್ತ ಕಡಿಮೆಯಿರುವ ತಾಯಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ.

ಈ ಹಿನ್ನೆಲೆಯಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ಮಾತ್ರೆಯನ್ನು ಜನ ಮರೆಯುತ್ತಾರೆ, ನೀರನ್ನು ಯಾರೂ ಮರೆಯುವುದಿಲ್ಲ. ನೀರು ಸರಬರಾಜು ಗ್ರಾಮ ಪಂಚಾಯಿತಿಯ ಕೈಯಲ್ಲೇ ಇದೆ. ಹಾಗಿದ್ದ ಮೇಲೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವಂತೆ ಕಬ್ಬಿಣಾಂಶವನ್ನೂ ಹಾಕಿಬಿಟ್ಟರೆ ಇಡೀ ಊರಿಗೆ ಒಂದೇ ಬಾರಿಗೆ ಪರಿಹಾರ ದೊರೆಯದೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ.

ಬ್ರೆಜಿಲ್ ದೇಶದ ಸಾವೊ ಪೌಲೊ ರಾಜ್ಯದಲ್ಲಿ ರಿಬೈರಾವ್ ಪ್ರೆಟೊ ಎಂಬ ನಗರವಿದೆ. ಅಲ್ಲಿನ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕ ದುತ್ರಾ ದ ಒಲಿವೇರಾ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಒಂದು ಶಿಶುವಿಹಾರದ ಮಕ್ಕಳು ಕುಡಿಯುವ ನೀರಿಗೆ ಫೆರಸ್ ಸಲ್ಫೇಟ್ ಬೆರೆಸಿದರು. ಪ್ರಮಾಣ ಲೀಟರಿಗೆ 20 ಮಿಲಿಗ್ರಾಂ ಕಬ್ಬಿಣ, ಅವಧಿ ಎಂಟು ತಿಂಗಳು. ಆ ಮಕ್ಕಳ ಸರಾಸರಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 10.6 ಗ್ರಾಂನಿಂದ 13 ಗ್ರಾಂಗೆ ಏರಿತು ಎಂದು ಅವರು 1994ರಲ್ಲಿ ವರದಿ ಮಾಡಿದರು. ಮಕ್ಕಳ ಸಂಖ್ಯೆ ಚಿಕ್ಕದು, ಮೂವತ್ತರ ಆಸುಪಾಸು. ಆದರೂ ದಾರಿ ತೋರಿದ ಕೆಲಸ ಅದು. ಅನಂತರ ಅದೇ ದೇಶದಲ್ಲಿ ಕಬ್ಬಿಣದ ಪ್ರಮಾಣವನ್ನು ತಗ್ಗಿಸಿ, ಜೊತೆಗೆ ವಿಟಮಿನ್ ಸಿ ಸೇರಿಸಿ ಮಾಡಿದ ಅಧ್ಯಯನಗಳೂ ಬಂದವು. ನೀರಿನಲ್ಲಿರುವ ಕಬ್ಬಿಣಕ್ಕೆ ಒಂದು ಅನುಕೂಲವಿದೆ. ಧಾನ್ಯದಲ್ಲಿರುವ ಫೈಟೇಟ್ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತದೆ. ಬರಿಯ ನೀರಿನಲ್ಲಿ ಆ ತಡೆ ಇಲ್ಲ.

ಈ ಫೆರಸ್ ಸಲ್ಫೇಟ್ ರೈತರಿಗೆ ಹೊಸದಲ್ಲ. ಹಳೆಯ ಗ್ರಂಥಿಗೆ ಅಂಗಡಿಗಳಲ್ಲಿ ಇದರ ಹೆಸರು ಅನ್ನಭೇದಿ. ಬೆಳೆಯ ಎಲೆ ಹಳದಿ ತಿರುಗಿದಾಗ ನೀರಿನಲ್ಲಿ ಕರಗಿಸಿ ಸಿಂಪಡಿಸುವ ಹಸಿರು ಹರಳು ಇದೇ. ಗೊಬ್ಬರದ ಅಂಗಡಿಯ ಚೀಲದಲ್ಲಿರುವುದು ಕೃಷಿ ದರ್ಜೆಯದು. ಅದರಲ್ಲಿ ಬೇರೆ ಲೋಹಗಳ ಕಲ್ಮಶ ಇರಬಹುದಾದ ಕಾರಣ ಮನುಷ್ಯರ ಬಳಕೆಗೆ ಅದು ಸಲ್ಲದು. ಅಗ್ಗವಾಗಿ ಸಿಗುತ್ತದೆಂದು ಯಾರಾದರೂ ಸಲಹೆ ನೀಡಿದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಬ್ರೆಜಿಲಿನಲ್ಲಿ ಕಬ್ಬಿಣ ಬೆರೆಸಿದ್ದು ಶಿಶುವಿಹಾರದ ಮಕ್ಕಳು ಕುಡಿಯುವ ನೀರಿಗೆ ಎಂಬುದನ್ನು ಗಮನಿಸಬೇಕು. ಊರಿನ ಟ್ಯಾಂಕಿಗೆ ಬೆರೆಸಿದರೆ ಲೆಕ್ಕ ಬೇರೆಯೇ ಆಗುತ್ತದೆ. 2,000 ಜನಸಂಖ್ಯೆಯ ಒಂದು ಗ್ರಾಮವನ್ನು ತೆಗೆದುಕೊಳ್ಳಬಹುದು. ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರ್, ಒಟ್ಟು 1,10,000 ಲೀಟರ್. ಲೀಟರಿಗೆ 20 ಮಿಲಿಗ್ರಾಂನಂತೆ ದಿನವೊಂದಕ್ಕೆ 2.2 ಕಿಲೋ ಕಬ್ಬಿಣ ಬೇಕು. ಫೆರಸ್ ಸಲ್ಫೇಟ್ ಹರಳಿನ ತೂಕದಲ್ಲಿ ಐದನೆಯ ಒಂದು ಭಾಗ ಮಾತ್ರ ಕಬ್ಬಿಣವಾದುದರಿಂದ, ಹರಳಿನ ಲೆಕ್ಕದಲ್ಲಿ ದಿನಕ್ಕೆ 11 ಕಿಲೋ, ವರ್ಷಕ್ಕೆ 4,000 ಕಿಲೋ ಆಗುತ್ತದೆ. ಈ ನೀರಿನಲ್ಲಿ ಜನ ಕುಡಿಯುವುದು ತಲಾ ಎರಡು ಲೀಟರ್, ಅಂದರೆ ಒಟ್ಟು 4,000 ಲೀಟರ್. ಅದಕ್ಕೆ ಬೇಕಾದ ಹರಳು 400 ಗ್ರಾಂ. ಮಿಕ್ಕ ಹತ್ತು ಕಿಲೋಗೂ ಹೆಚ್ಚು ಹರಳು ಸ್ನಾನದ ನೀರಾಗಿ, ಬಟ್ಟೆ ಒಗೆದ ನೀರಾಗಿ, ದನದ ಕೊಟ್ಟಿಗೆ ತೊಳೆದ ನೀರಾಗಿ ಚರಂಡಿಗೆ ಹೋಗುತ್ತದೆ. ಹೋಗುವ ಮುನ್ನ ಬಿಳಿ ಬಟ್ಟೆಗೂ ಬಚ್ಚಲ ನೆಲಕ್ಕೂ ಕಂದು ಕಲೆ ಬಿಟ್ಟು ಹೋಗುತ್ತದೆ. ಮೊದಲ ವಾರದಲ್ಲೇ ಪಂಚಾಯಿತಿ ಕಚೇರಿಯ ಮುಂದೆ ಖಾಲಿ ಕೊಡಗಳು ಸಾಲುಗಟ್ಟುತ್ತವೆ ಎಂಬುದನ್ನು ಹೇಳಲು ಸಮೀಕ್ಷೆ ಬೇಕಿಲ್ಲ.

ಹಣ ವ್ಯರ್ಥವಾಗುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದು ಕ್ಲೋರಿನ್‌ಗೆ ಸಂಬಂಧಿಸಿದ್ದು. ನೀರಿನಲ್ಲಿ ಕರಗಿರುವ ಫೆರಸ್ ಕಬ್ಬಿಣ ಕ್ಲೋರಿನ್‌ನೊಡನೆ ಕೂಡಲೇ ವರ್ತಿಸಿ ಫೆರಿಕ್ ರೂಪಕ್ಕೆ ತಿರುಗುತ್ತದೆ, ಕೆಂಪು ಮಡ್ಡಿಯಾಗಿ ತಳ ಸೇರುತ್ತದೆ. ಒಂದು ಮಿಲಿಗ್ರಾಂ ಕಬ್ಬಿಣ ಸುಮಾರು 0.64 ಮಿಲಿಗ್ರಾಂ ಕ್ಲೋರಿನ್ ಅನ್ನು ನುಂಗುತ್ತದೆ. ಲೀಟರಿಗೆ 20 ಮಿಲಿಗ್ರಾಂ ಇದ್ದರೆ ನುಂಗುವ ಕ್ಲೋರಿನ್ ಸುಮಾರು 12.7 ಮಿಲಿಗ್ರಾಂ. ಸಾಮಾನ್ಯವಾಗಿ ನೀರುಗಂಟಿಗಳು ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕುವುದು ರೂಢಿ. ಈ ಕಬ್ಬಿಣಕ್ಕೆ ಬಲಿಯಾಗುವ ಕ್ಲೋರಿನ್ ಒದಗಿಸಲು ಅದರ ಹದಿನೈದು ಪಟ್ಟು ಬೇಕು. ಹಾಕದಿದ್ದರೆ ಕೊನೆಯ ಮನೆಯ ನಲ್ಲಿಯಲ್ಲಿ ಇರಬೇಕಾದ 0.2 ಮಿಲಿಗ್ರಾಂ ಶೇಷ ಕ್ಲೋರಿನ್ ಇರುವುದೇ ಇಲ್ಲ. ಆಗ ವಾಂತಿಭೇದಿಗೆ ಬಾಗಿಲು ತೆರೆದಂತೆ. ಹಾಕಿದರೆ ನೀರು ರಾಡಿಯಾಗುತ್ತದೆ, ಬೆರೆಸಿದ ಕಬ್ಬಿಣ ದೇಹ ಹೀರಲಾರದ ಮಡ್ಡಿಯಾಗುತ್ತದೆ. ಎರಡೂ ಕಡೆ ನಷ್ಟವೇ. ಪೈಪಿನ ಒಳಮೈಯಲ್ಲಿ ಕಬ್ಬಿಣವನ್ನೇ ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳ ಲೋಳೆ ಕಟ್ಟಿಕೊಳ್ಳುವುದು ಇದರ ಮೇಲಿನ ತೊಂದರೆ.

ಕಾನೂನಿನ ಮಾತು ಕೂಡ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಕಬ್ಬಿಣಕ್ಕೆ ನಿಗದಿಪಡಿಸಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ತಿದ್ದುಪಡಿಗೆ ಮುನ್ನ ಅದು 0.3 ಇತ್ತು. ಗ್ರಾಮಗಳಲ್ಲಿ ಮಹಿಳೆಯರು ಕ್ಷೇತ್ರ ಪರೀಕ್ಷಾ ಕಿಟ್ ಹಿಡಿದು ನೀರಿನ ಪರೀಕ್ಷೆ ಮಾಡುವಾಗ ನೋಡುವ ಅಂಶಗಳಲ್ಲಿ ಕಬ್ಬಿಣವೂ ಒಂದು. ಆರೋಗ್ಯ ಇಲಾಖೆ ಕೊರತೆ ಎನ್ನುವ ವಸ್ತುವನ್ನೇ ನೀರಿನ ಪ್ರಯೋಗಾಲಯ ದೋಷ ಎಂದು ಬರೆಯುವುದನ್ನು ಕಂಡು ಕೆಲವು ಸದಸ್ಯರಿಗೆ ಗೊಂದಲವಾಗುವುದುಂಟು. ವಿರೋಧವೇನೂ ಇಲ್ಲ. ಈ ಮಿತಿಯನ್ನು ಮುಖ್ಯವಾಗಿ ರುಚಿ, ಬಣ್ಣ, ಕಲೆ ಮತ್ತು ಪೈಪಿನ ರಕ್ಷಣೆಯ ದೃಷ್ಟಿಯಿಂದ ಇಡಲಾಗಿದೆ. ಮಿತಿಯೊಳಗಿನ ನೀರನ್ನು ಎರಡು ಲೀಟರ್ ಕುಡಿದರೆ ದೊರೆಯುವ ಕಬ್ಬಿಣ ಹೆಚ್ಚೆಂದರೆ 2 ಮಿಲಿಗ್ರಾಂ. ವಯಸ್ಕ ಮಹಿಳೆಗೆ ದಿನಕ್ಕೆ ಶಿಫಾರಸು ಮಾಡಿರುವುದು 29 ಮಿಲಿಗ್ರಾಂ. ಆದುದರಿಂದ ಮಿತಿಯೊಳಗೆ ನಿಂತು ಸಾರ್ವಜನಿಕ ನೀರನ್ನು ಔಷಧ ಮಾಡಲು ಬರುವುದಿಲ್ಲ, ಮಿತಿ ಮೀರಿದರೆ ಪಂಚಾಯಿತಿಯೇ ಮಾನಕಕ್ಕೆ ಹೊಂದದ ನೀರು ಕೊಟ್ಟಂತಾಗುತ್ತದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬಹುದು. ಕೊಳವೆಬಾವಿಯ ನೀರು ಕೆಂಪಗೆ ಬರುವ ಊರಿನಲ್ಲಿ ರಕ್ತ ಕಡಿಮೆಯಾಗುವುದಿಲ್ಲ ಎಂದು ಹೇಳುವವರಿದ್ದಾರೆ. ಕಣ್ಣಿಗೆ ಕಾಣುವ ಕೆಂಪು ಎಂದರೆ ತುಕ್ಕು, ಅದು ದೇಹಕ್ಕೆ ಹತ್ತುವುದು ಬಹಳ ಕಡಿಮೆ. ಕರಗಿರುವ ಕಬ್ಬಿಣ ಬಣ್ಣವಿಲ್ಲದೆ ಬರುತ್ತದೆ, ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ. ಬಾಂಗ್ಲಾದೇಶದ ಗ್ರಾಮೀಣ ಭಾಗದಲ್ಲಿ ಅಂತರ್ಜಲದಲ್ಲೇ ಧಾರಾಳವಾಗಿ ಕರಗಿದ ಕಬ್ಬಿಣವಿರುವ ಕಡೆ ಮಹಿಳೆಯರನ್ನು ಪರೀಕ್ಷಿಸಿದ ಸಂಶೋಧಕರಿಗೆ ಒಂದು ವಿಚಿತ್ರ ಕಂಡಿತು. ಅವರಲ್ಲಿ ಕಬ್ಬಿಣದ ಕೊರತೆ ಬಹುತೇಕ ಇರಲಿಲ್ಲ, ಆದರೆ ರಕ್ತಹೀನತೆ ಧಾರಾಳವಾಗಿ ಇತ್ತು. 2012ರಲ್ಲಿ ಪ್ರಕಟವಾದ ಆ ವರದಿ ಥಲಸ್ಸೇಮಿಯಾ ಎಂಬ ಆನುವಂಶಿಕ ದೋಷದತ್ತ ಬೆರಳು ತೋರಿಸಿತು.

ಟ್ಯಾಂಕು ಬೇಡವಾದರೆ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಬೆರೆಸಬಹುದಲ್ಲವೇ ಎಂಬುದು ಮುಂದಿನ ಪ್ರಶ್ನೆ. ಯೋಚನೆ ಮೊದಲಿನದಕ್ಕಿಂತ ಮೇಲು, ಏಕೆಂದರೆ ಆ ನೀರು ಕುಡಿಯಲು ಮತ್ತು ಅಡುಗೆಗೆ ಮಾತ್ರ ಹೋಗುತ್ತದೆ. ತೊಡಕಿರುವುದು ಕ್ಯಾನಿನಲ್ಲಿ. ಇಪ್ಪತ್ತು ಲೀಟರಿನ ಕ್ಯಾನು ಮನೆಯಲ್ಲಿ ಎರಡು ದಿನ ಕುಳಿತಿರುತ್ತದೆ. ಅಷ್ಟರಲ್ಲಿ ಕಬ್ಬಿಣ ಮಡ್ಡಿಯಾಗತೊಡಗುತ್ತದೆ. ಅದೇ ನೀರಿನಲ್ಲಿ ಚಹಾ ಕಾಸಿದರೆ ಚಹಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಬಣ್ಣ ಕಪ್ಪಾಗುತ್ತದೆ. ಕಪ್ಪು ಚಹಾ ಕಂಡ ಮನೆಯವರು ಮರುದಿನದಿಂದ ಘಟಕದ ಕಡೆ ತಲೆಹಾಕುವುದಿಲ್ಲ. ಯಾರು ಎಷ್ಟು ಕುಡಿಯುತ್ತಾರೆ ಎಂಬ ಹಿಡಿತವೂ ಇಲ್ಲಿ ಇರುವುದಿಲ್ಲ. ಕಬ್ಬಿಣ ದೇಹದಲ್ಲಿ ಸೇರಿಕೊಂಡು ಹಾನಿ ಮಾಡುವಂತಹ ಥಲಸ್ಸೇಮಿಯಾ ರೋಗಿ ಆ ಮನೆಯಲ್ಲಿದ್ದರೆ ಪರಿಣಾಮ ಅನರ್ಥಕಾರಿ.

ಹೀಗಾಗಿ ಉಳಿಯುವ ದಾರಿ ಬ್ರೆಜಿಲಿನವರು ಹಿಡಿದದ್ದೇ: ಎಣಿಸಬಹುದಾದಷ್ಟು ಮಕ್ಕಳು, ಒಂದು ಪಾತ್ರೆ, ಬೆಳಿಗ್ಗೆ ಬೆರೆಸಿ ಅದೇ ದಿನ ಮುಗಿಸುವ ನೀರು, ಜವಾಬ್ದಾರಿ ಹೊತ್ತ ಒಬ್ಬ ವ್ಯಕ್ತಿ. ಅಂಗನವಾಡಿ, ವಸತಿ ನಿಲಯ, ಪಂಚಾಯಿತಿಯೇ ನಡೆಸುವ ಕೂಸಿನ ಮನೆ ಇಂತಹ ಸ್ಥಳಗಳು.

ಇಲ್ಲಿಯೂ ಲೆಕ್ಕ ಮಾಡದೆ ಮುಂದುವರಿಯಬಾರದು. ಅಂಗನವಾಡಿಯ ವೇಳೆಯಲ್ಲಿ ಮಗು ಅರ್ಧ ಲೀಟರ್ ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಲೀಟರಿಗೆ 10 ಮಿಲಿಗ್ರಾಂನಂತೆ ಬೆರೆಸಿದರೆ ದಿನಕ್ಕೆ 5, ವಾರದ ಆರು ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ದೊರೆಯಿತು. ಈಗ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಕಡೆ ನೋಡಬೇಕು. 2018ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ 6ರಿಂದ 59 ತಿಂಗಳ ಪ್ರತಿ ಮಗುವಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಸಿರಪ್ ಕೊಡಬೇಕು. ಪ್ರತಿ ಬಾರಿಯದರಲ್ಲಿ 20 ಮಿಲಿಗ್ರಾಂ ಕಬ್ಬಿಣವಿದೆ. ವಾರಕ್ಕೆ 40 ಮಿಲಿಗ್ರಾಂ! ಹೊಸ ಪಾತ್ರೆ, ಹೊಸ ದ್ರಾವಣ, ಹೊಸ ತರಬೇತಿ ಇವೆಲ್ಲದರಿಂದ ಸಿಗುವುದಕ್ಕಿಂತ ಹೆಚ್ಚಿನದು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಸೀಸೆಯಲ್ಲಿಯೇ ಇದೆ. ಅಂಗನವಾಡಿಯ ಸಾರವರ್ಧಿತ ಅಕ್ಕಿಯಿಂದಲೂ ಸ್ವಲ್ಪ ಬರುತ್ತದೆ: ನೂರು ಕಿಲೋ ಅಕ್ಕಿಗೆ ಒಂದು ಕಿಲೋ ಸಾರವರ್ಧಿತ ಕಾಳು ಬೆರೆಸಿದಾಗ ಕಿಲೋ ಅಕ್ಕಿಯಲ್ಲಿ ಕನಿಷ್ಠ 28 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬ ನಿಯಮವಿದೆ. ಆ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಶಂಕಿಸಿ ಮೊರದಲ್ಲಿ ಆರಿಸಿ ಎಸೆಯುವುದು ಅನೇಕ ಊರುಗಳಲ್ಲಿ ನಡೆದಿದೆ. ಇದನ್ನು ಸರಿಪಡಿಸಲು ಅನುದಾನ ಬೇಡ, ವಾರ್ಡ್ ಸಭೆಯಲ್ಲಿ ಸದಸ್ಯರು ಹತ್ತು ನಿಮಿಷ ಮಾತನಾಡಿದರೆ ಸಾಕು.

ಹಾಗಾದರೆ ನೀರಿನ ವಿಧಾನ ಯಾವಾಗ ಉಪಯುಕ್ತ? ಸಿರಪ್ ತಲುಪದ, ತಲುಪಿದರೂ ಮಕ್ಕಳು ಉಗುಳುವ, ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆಂದು ಹುಡುಗಿಯರು ಕಿಟಕಿಯಾಚೆ ಎಸೆಯುವ ಕಡೆ ಅದಕ್ಕೆ ಬೆಲೆ ಇದೆ. ಸಣ್ಣ ಪ್ರಮಾಣ ದಿನವೂ ಹೋಗುವುದರಿಂದ ಹೊಟ್ಟೆಯ ತೊಂದರೆ ಕಡಿಮೆ. ಆದರೆ ಮಾತ್ರೆ ಏಕೆ ತಲುಪುತ್ತಿಲ್ಲ ಎಂಬುದನ್ನು ಕೇಳದೆ ಯಂತ್ರ ಖರೀದಿಗೆ ಠರಾವು ಮಾಡುವುದು ವಿವೇಕವಲ್ಲ. ಯಂತ್ರಕ್ಕೆ ಉದ್ಘಾಟನೆ ಇರುತ್ತದೆ, ಫಲಕ ಇರುತ್ತದೆ; ನುಂಗಿದ ಮಾತ್ರೆಗೆ ಎರಡೂ ಇಲ್ಲ. ಆ ಕಾರಣಕ್ಕಾಗಿಯೇ ಯಂತ್ರದ ಪ್ರಸ್ತಾವಗಳು ಬೇಗ ಮುಂದೆ ಸಾಗುತ್ತವೆ.

ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯೇ ಎಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯಾದ ಉದಾಹರಣೆ ಇದೆ. ಕೆನಡಾದ ಸಂಶೋಧಕ ಕ್ರಿಸ್ಟೋಫರ್ ಚಾರ್ಲ್ಸ್ ಅಲ್ಲಿನ ಹಳ್ಳಿಗಳಲ್ಲಿ ಅಡುಗೆಯ ಪಾತ್ರೆಗೆ ಹಾಕಲು ಕಬ್ಬಿಣದ ತುಂಡುಗಳನ್ನು ಕೊಟ್ಟರು. ಕುರೂಪದ ತುಂಡನ್ನು ಹೆಂಗಸರು ಪಾತ್ರೆಗೆ ಹಾಕಲಿಲ್ಲ. ಆ ಜನ ಅದೃಷ್ಟದ ಸಂಕೇತವೆಂದು ನಂಬುವ ಮೀನಿನ ಆಕಾರದಲ್ಲಿ ಎರಕ ಹೊಯ್ಸಿದಾಗ ಒಪ್ಪಿದರು. ಹುಳಿ ಹಿಂಡಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಕಬ್ಬಿಣ ನೀರಿಗೆ ಇಳಿಯುತ್ತದೆ. ಜಗತ್ತಿನ ಪತ್ರಿಕೆಗಳೆಲ್ಲ ಈ ಮೀನನ್ನು ಹೊಗಳಿದವು. ಆದರೆ 2017ರಲ್ಲಿ ಪ್ರಕಟವಾದ, ಅದೇ ದೇಶದ ಮತ್ತೊಂದು ಪ್ರಾಂತ್ಯದ ಕಟ್ಟುನಿಟ್ಟಿನ ಪ್ರಯೋಗದಲ್ಲಿ ಮೀನು ಬಳಸಿದ ಮಹಿಳೆಯರ ಹಿಮೋಗ್ಲೋಬಿನ್ ಏರಲಿಲ್ಲ. ಮೀನಿನಲ್ಲಿ ದೋಷವಿರಲಿಲ್ಲ. ಆ ಮಹಿಳೆಯರಲ್ಲಿ ಕಬ್ಬಿಣದ ಕೊರತೆಯೇ ವಿರಳವಾಗಿತ್ತು, ಆನುವಂಶಿಕ ಹಿಮೋಗ್ಲೋಬಿನ್ ದೋಷಗಳು ವ್ಯಾಪಕವಾಗಿದ್ದವು.

ಕರ್ನಾಟಕಕ್ಕೆ ಈ ಪಾಠ ದೂರದ್ದಲ್ಲ. ಚಾಮರಾಜನಗರ, ಮೈಸೂರು, ಕೊಡಗು ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ; ಇದರ ನಿರ್ಮೂಲನೆಗಾಗಿ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನವೇ ಆರಂಭವಾಗಿದೆ. ಹಾಡಿಗಳಲ್ಲಿ ತಪಾಸಣೆಯ ಫಲಿತಾಂಶ ಬರುವ ಮುನ್ನ ನೀರಿಗೆ ಕಬ್ಬಿಣ ಬೆರೆಸುವ ಮಾತೇ ಎತ್ತಬಾರದು. ಇನ್ನು ಬಯಲು ಸೀಮೆ, ಮಲೆನಾಡು ಎನ್ನದೆ ಎಲ್ಲೆಡೆ ಇರುವ ಕಾರಣ ಕೊಕ್ಕೆಹುಳು. ಬರಿಗಾಲಿನಲ್ಲಿ ಮಲಮಿಶ್ರಿತ ಮಣ್ಣು ತುಳಿದಾಗ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಆಹಾರದಿಂದ ಮಗುವಿನ ದೇಹ ದಿನಕ್ಕೆ ಹೀರಿಕೊಳ್ಳುವುದೇ ಒಂದು ಮಿಲಿಗ್ರಾಂನ ಆಸುಪಾಸು. ಎರಡು ಮಿಲಿಲೀಟರ್ ರಕ್ತ ಹುಳುವಿನ ಪಾಲಾದರೆ ಆ ದಿನದ ಗಳಿಕೆ ಪೂರ್ತಿ ಹೋಯಿತು. ತಳ ತೂತಾದ ಕೊಡಕ್ಕೆ ಮೇಲಿಂದ ನೀರು ಸುರಿಯುವ ಕೆಲಸ ಅದು. ಶೌಚಾಲಯ ಕಟ್ಟಿದ್ದಾಗಿದೆ, ಬಳಕೆಯಾಗುತ್ತಿದೆಯೇ ಎಂಬುದು ಪಂಚಾಯಿತಿಯೇ ಉತ್ತರಿಸಬೇಕಾದ ಪ್ರಶ್ನೆ. ಜಂತುಹುಳು ನಿವಾರಣಾ ದಿನದ ಆಲ್ಬೆಂಡಜೋಲ್ ಮಾತ್ರೆ ಶಾಲೆ ಬಿಟ್ಟ ಮಕ್ಕಳಿಗೂ ತಲುಪಿತೇ ಎಂಬುದೂ ಅಷ್ಟೇ.

ಅಡುಗೆಮನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಹೀರುವುದು ಕುಗ್ಗುತ್ತದೆ, ನಿಂಬೆ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಹೆಚ್ಚುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಫೈಟೇಟ್ ಇಳಿಯುತ್ತದೆ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹುಣಸೆಹುಳಿಯ ಅಡುಗೆ ಮಾಡುತ್ತಿದ್ದವರಿಗೆ ಕಾಂಬೋಡಿಯಾದ ಮೀನು ಹೊಸ ವಿದ್ಯೆಯೇನೂ ಅಲ್ಲ.

ಮುಂದಿನ ಸಾಮಾನ್ಯ ಸಭೆಗೆ ಆರೋಗ್ಯ ಉಪಕೇಂದ್ರದ ಸಿಬ್ಬಂದಿಯನ್ನು ಆಹ್ವಾನಿಸಿ ಕೇಳಬೇಕಾದ ಸಂಗತಿಗಳು ಸ್ಪಷ್ಟವಾಗಿವೆ. ಸಿರಪ್ ಮತ್ತು ಮಾತ್ರೆ ದಾಸ್ತಾನು ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಖಾಲಿಯಾಗಿತ್ತು? ಎಷ್ಟು ಗರ್ಭಿಣಿಯರ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದೆ, 7ಕ್ಕಿಂತ ಕೆಳಗಿರುವವರು ಯಾವ ಆಸ್ಪತ್ರೆಗೆ ಹೋಗಿದ್ದಾರೆ? 180 ದಿನದ ಮಾತ್ರೆ ಪೂರ್ಣಗೊಳಿಸಿದವರು ಎಷ್ಟು ಮಂದಿ? ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಸದಸ್ಯರು ಇರುವುದು ಇಂತಹ ಪ್ರಶ್ನೆ ಕೇಳುವುದಕ್ಕಾಗಿಯೇ. ಹೆಸರುಗಳನ್ನು ಸಭೆಯಲ್ಲಿ ಓದಿಸಬಾರದು, ಸಂಖ್ಯೆ ಸಾಕು.

ಇಷ್ಟೆಲ್ಲ ಸರಿಯಿದ್ದೂ ಕೂಸಿನ ಮನೆಯಲ್ಲಿಯೋ ವಸತಿ ನಿಲಯದಲ್ಲಿಯೋ ನೀರಿನ ವಿಧಾನವನ್ನು ಪ್ರಯತ್ನಿಸುವ ಪ್ರಸ್ತಾವ ಬಂದರೆ, ತಾಲ್ಲೂಕು ಆರೋಗ್ಯಾಧಿಕಾರಿಯ ಲಿಖಿತ ಒಪ್ಪಿಗೆ ಕಡತದಲ್ಲಿರಬೇಕು. ಔಷಧ ಅಥವಾ ಆಹಾರ ದರ್ಜೆಯ ದ್ರಾವಣವನ್ನೇ, ಅಳತೆ ಗುರುತಿರುವ ಸೀಸೆಯಲ್ಲಿ ತರಿಸಬೇಕು. ಗಾಢ ದ್ರಾವಣದ ಸೀಸೆ ಬೀಗದೊಳಗಿರಬೇಕು. ಹತ್ತು ಕಿಲೋ ತೂಕದ ಮಗುವಿಗೆ ಒಮ್ಮೆಲೇ 200 ಮಿಲಿಗ್ರಾಂ ಕಬ್ಬಿಣ ಹೊಟ್ಟೆಗೆ ಹೋದರೆ ವಿಷದ ಲಕ್ಷಣಗಳು ಕಾಣಿಸಬಹುದು. ನೀರು ಮೊದಲು ಕುದಿಸಿ ಆರಿಸಿದ್ದಾಗಿರಲಿ, ಕ್ಲೋರಿನ್ ಹಾರಿಹೋಗಿರುತ್ತದೆ, ರೋಗಾಣುಗಳ ಭಯವೂ ಇರುವುದಿಲ್ಲ. ಸಂಜೆ ಉಳಿದ ನೀರನ್ನು ಗಿಡಕ್ಕೆ ಸುರಿಯಬೇಕು, ಮರುದಿನಕ್ಕೆ ಇಡಬಾರದು. ಆರಂಭದ ದಿನ ಮತ್ತು ಆರು ತಿಂಗಳ ನಂತರ ಪ್ರತಿ ಮಗುವಿನ ಹಿಮೋಗ್ಲೋಬಿನ್ ಅಳೆದು ವಹಿಯಲ್ಲಿ ಬರೆಯಬೇಕು. ಆ ಎರಡು ಅಂಕಣಗಳಿಲ್ಲದ ಪ್ರಸ್ತಾವಕ್ಕೆ ಸಭೆಯಲ್ಲಿ ಅನುಮೋದನೆ ನೀಡಬಾರದು.